ಕಣಿವ್ಯಾಗ ನೀರು ಕೇಳಿದವ

ಕಂದೀಲು ಸಣ್ಣ ಮಾಡ್ರಿ... ಹಾಂ, ಅಷ್ಟು ಸಾಕು. ನಗೋರು ಈಗೇ ನಕ್ಕು ಮುಗಿಸ್ರಿ. ನಡುವ ಯಾರರ ಕಿಸಕ್ ಅಂದ್ರ ನಾ ಎದ್ದು ಹೋಗಾಕಿ, ಮತ್ತ ಕರೀಬ್ಯಾಡ್ರಿ.

ಇದು ಕಟ್ಟಿದ ಕತಿ ಅಲ್ಲ. ನಮ್ಮ ಬಾಜೂ ಮನಿ ಬಂಡುಕಾಕಾಗ ಆದದ್ದು. ಆ ಮನಷಾಗ ಸುಳ್ಳು ಹೇಳಲಿಕ್ಕೆ ಬರತಿರಲಿಲ್ಲ. ಬರತಿದ್ರ ವಕೀಲರ ಕಡೆ ಕಾರಕೂನ ಆಗಿ ಯಾಕ ಉಳೀತಿದ್ದ, ತಾನೇ ವಕೀಲ ಆಗತಿದ್ದ!

ಪೋಲಿಸ್ ಆಕ್ಷನ್ ಆಗಿ ಒಂದು ವಾರ ಆಗಿತ್ತು. ಹಿಂದೂಸ್ತಾನದ ಮಿಲ್ಟ್ರಿ ಬಂದು ನಿಜಾಮನ ಝಂಡಾ ಇಳಿಸಿತ್ತು, ರಜಾಕಾರರು ದಿಕ್ಕಾಪಾಲಾಗಿದ್ರು. ಆದರ ಜನರ ಅಂಜಿಕಿ ಎಲ್ಲಿ ಹೋಗತದ? ಮೊದಲು ಹಿಂದೂಗಳು ರಜಾಕಾರರಿಗೆ ಅಂಜತಿದ್ರು, ಈಗ ಮುಸಲ್ಮಾನರು ಹಿಂದೂಗಳಿಗೆ. ಮೋಟಾರ ಬಂದ್, ಟಪಾಲ ಬಂದ್. ಕಲಬುರಗ್ಯಾಗ ಸಂಜಿಮುಂದ ಬಾಗಿಲ ತಗದಿದ್ದ ಮನಿ ಒಂದೂ ಕಾಣತಿರಲಿಲ್ಲ.

ಬಂಡೂನ ಊರು ಕಮಲಾಪುರ. ಅಪ್ಪ ಧೋಂಡೋಪಂತ, ಅವ್ವ ಮಥುರಾಬಾಯಿ ಅಲ್ಲಿ. ಇವ ಒಬ್ಬನೇ ಇಲ್ಲಿ ಕಲಬುರಗಿ ಬ್ರಹ್ಮಪುರ ಓಣ್ಯಾಗ ಒಂದು ಖೋಲಿ ಹಿಡದು, ಕೈಯಾರೆ ಅನ್ನ ಬೇಯಿಸಿಕೊಂಡು ಇದ್ದ. ಊರಿಗೆ ಹೋಗಿ ವರ್ಷದ ಮ್ಯಾಲಾಗಿತ್ತು. ಗಲಾಟಿ ಮುಗೀಲಿ, ಹೋದರಾತು ಅನಕೋತ ದಿನಾ ದೂಡಿದ್ದ.

ಅವತ್ತ ದೀಪ ಹಚ್ಚೋ ಹೊತ್ತಿಗೆ ವಕೀಲರ ಮನಿಯಿಂದ ಹೊಳ್ಳಿ ಬರಲಿಕ್ಕತ್ತಿದ್ದ. ಓಣಿ ಬಾವಿ ಹತ್ರ ಬಂದ... ಬಾವಿ ಗಡಗಡಿ ಕಿರ್ರ್ ಅಂತು. ಹಗ್ಗ ಇಲ್ಲ. ಗಾಳಿ ಇಲ್ಲ. ಬಂಡೂ ನಿಂತ.

"ಬಂಡೂ..."

"ಯಾರು?"

"ಸಪ್ಪಳ ಮಾಡಬ್ಯಾಡ ಮಾರಾಯಾ. ನಾ. ಅಲ್ಲಾಬಕ್ಷ."

ಕಮಲಾಪುರದಾಗ ಕೆಂಪು ಬಾಳಿಹಣ್ಣು ಮಾರೋ ಅಲ್ಲಾಬಕ್ಷ. ಇಬ್ಬರೂ ಸಣ್ಣವರಿದ್ದಾಗಿಂದ ದೋಸ್ತರು. ಬಾವಿ ಕಟ್ಟಿ ಹಿಂದ ಗಡಗಡಿ ಕಂಬ ಹಿಡದು ಕುಂತಿದ್ದ. ಮೈತುಂಬ ಕೆಸರು, ಮುಖದ ಮ್ಯಾಲೆ ಮುಳ್ಳಿನ ಗೀರು.

"ಅಪ್ಪಾರು ಹೋಗ್ಯಾರೋ, ಬಂಡೂ."

ಬಂಡೂ ಬಾವಿ ಕಟ್ಟಿಗೆ ಆನಕೊಂಡು ಕುಂತ.

"ನಾಳಿಗಿ ಹತ್ತನೇ ದಿನ. ನಿನಗ ತಿಳಸಾಕ ಒಂದು ನರಪಿಳ್ಳಿ ಊರ ಬಿಟ್ಟು ಹೊಂಡಲಿಲ್ಲ. ಅವ್ವಾರು ಬಾಗಲಾಗ ಕುಂತು ದಾರಿ ನೋಡಾಕತ್ತಿದ್ರು. ನನಗ ನೋಡಾಕ ಆಗಲಿಲ್ಲ... ಬಂದೆ."

"ನಿನಗೇನರ ಆಗಿದ್ರ, ಅಲ್ಲಾಬಕ್ಷ?"

"ಆಗಲಿಲ್ಲಲ್ಲ. ಕೇಳಿಲ್ಲಿ. ಸಡಕ್ ಮ್ಯಾಲೆ ಹೋಗಬ್ಯಾಡ. ಅಲ್ಲಲ್ಲಿ ಚೌಕಿ ಹಾಕ್ಯಾರ, ಹಿಡದು ಕುಂದ್ರಿಸಿದ್ರ ನಾಳಿ ಮುಗೀತು. ಹಳ್ಳ ಹಿಡಕೊಂಡು ಕಣಿವ್ಯಾಗ ಹಾದು ಹೋಗು. ನಾ ಹಂಗೇ ಬಂದೀನಿ. ನಾಕ ದಿನ ಇಲ್ಲೇ ರೋಜಾ ಓಣ್ಯಾಗ ದರ್ಗಾದ ಆಸರಕ್ಕ ಇರ್ತೀನಿ, ನನ್ನ ಚಿಂತಿ ಬಿಡು."

ಅಷ್ಟೇ. ಗ್ವಾಡಿ ಹಿಡದು ಕತ್ತಲಾಗ ಹೋಗಿಬಿಟ್ಟ.

ಹತ್ತನೇ ದಿನ ಅಂದ್ರ ಏನು ಗೊತ್ತದೇನು ನಿಮಗ? ಸತ್ತವರಿಗೆ ಹಸಿವಿ, ನೀರಡಿಕಿ ಎಲ್ಲಾ ಅವತ್ತೇ. ಮಗ ತನ್ನ ಕೈಯಿಂದ ಪಿಂಡ ಇಡಬೇಕು, ನೀರು ಬಿಡಬೇಕು. ಹೊತ್ತು ಮುಳುಗೋದ್ರಾಗ ಕಾಗಿ ಬಂದು ಪಿಂಡ ಮುಟ್ಟಬೇಕು. ಮುಟ್ಟಲಿಲ್ಲಂದ್ರ ಹೋದವರು ಮುಂದ ಹೋಗೂದಿಲ್ಲ, ದಾರ್ಯಾಗೇ ಉಳೀತಾರ ಅಂತ ನಮ್ಮ ಮಂದಿ ನಂಬಿಗಿ. ಧೋಂಡೋಪಂತರಿಗೆ ದಾಯಾದಿ ರಾಘವೇಂದ್ರ ಬೆಂಕಿ ಕೊಟ್ಟಿದ್ದ, ಖರೇ. ಆದರ ಹೆತ್ತ ಮಗ ಜೀವಂತ ಇರೂಮುಂದ ಹತ್ತನೇ ದಿನದ ನೀರು ದಾಯಾದಿ ಕೈಲೆ ಕುಡೀಬೇಕೇನು ಆ ಜೀವ?

ಬಂಡೂ ತಲಿಮ್ಯಾಲೆ ತಣ್ಣೀರು ಸುರಕೊಂಡ. ಸುದ್ದಿ ಕಿವಿಗೆ ಬಿದ್ದ ಕ್ಷಣಕ್ಕೇ ಸೂತಕ. ಕಾಲಾಗಿನ ಜೋಡು ಬಿಟ್ಟ. ಒಂದು ತಂಬಿಗಿ ನೀರು ತುಂಬಿ ಬಾಯಿಗೆ ಅರಿವಿ ಕಟ್ಟಿದ. ಕೋಳಿ ಕೂಗೋಕಿಂತ ಮೊದಲೇ ಊರು ದಾಟಿದ.

ಭಾದ್ರಪದ ಮಾಸ ನೋಡ್ರಿ, ಪಿತೃಪಕ್ಷ. ಎರಿ ಹೊಲದಾಗ ಹಸಿ ಕೆಸರು. ಹೆಜ್ಜಿಗೊಮ್ಮೆ ಪಚಕ್... ಪಚಕ್... ಕಾಲಿಗೆ ಸೇರುಗಟ್ಟಲೆ ಮಣ್ಣು ಮೆತಗೋತಿತ್ತು. ಕಲ್ಲಿಗೆ ಕಾಲು ಉಜ್ಜೋದು, ಮತ್ತ ನಡಿಯೋದು. ಮಹಾಗಾಂವ ಬಾಜೂ ಜೋಳದ ಹೊಲದಾಗ ಬಗ್ಗಿ ಹಾದ. ದೂರ ಸಡಕಿನ ಮ್ಯಾಲೆ ಮಿಲ್ಟ್ರಿ ಲಾರಿ ಗುರ್ರ್ ಅಂದ್ರ ಹಂಗೇ ಕುಂದ್ರತಿದ್ದ.

ಒಂದು ವಾಡಿ ಬಂತು. ಜನ ಯಾರೂ ಇರಲಿಲ್ಲ. ಬಾಗಿಲಾ ತಗದಾವ, ಒಲಿ ಆರ್ಯಾವ. ಹಾಲು ಕರಿಯೋರಿಲ್ಲದ ಒಂದು ಎಮ್ಮಿ ಕೆಚ್ಚಲು ಬಿಗದು ಒದರಲಿಕ್ಕತ್ತಿತ್ತು. ಇವನ್ನ ನೋಡಿ ಹಿಂದ ಹಿಂದ ಬಂತು. ಊರ ಅಗಸಿ ತನಕ ಬಂದು ನಿಂತುಬಿಡ್ತು. ಅದನ್ನೂ ಬಿಟ್ಟು ಹೋಗಬೇಕಲ್ಲಾ ಅಂತ ಬಂಡೂಗ ಅಳು ಬಂತು. ಅಪ್ಪ ಹೋದ ಸುದ್ದಿಗೆ ಬರದ ಅಳು ಅಲ್ಲಿ ಬಂತು ನೋಡ್ರಿ. ಯಾರದೋ ಎಮ್ಮಿಗೋಸ್ಕರ ದಾರ್ಯಾಗ ನಿಂತು ಹೋ ಅಂತ ಅತ್ತ.

ಅಲ್ಲಿಂದ ಕಣಿವಿ. ಕರಿಮಣ್ಣು ಮುಗದು ಕೆಂಪು ಮುರುಮು ಸುರುವಾತು. ಎರಡೂ ಕಡೆ ಗುಡ್ಡ, ನಡುವ ಹಳ್ಳ. ಹಳ್ಳ ದಾಟು, ಗುಡ್ಡ ಏರು, ಮತ್ತ ಇಳಿ, ಮತ್ತ ಅದೇ ಹಳ್ಳ. ಮುರುಮಿನ ಹರಳು ಅಂಗಾಲಿಗೆ ಚುಚ್ಚಿ ರಕ್ತ ಜಿನುಗತಿತ್ತು. ಏರಿನಾಗ ಕೈಲೆ ಬೇರು ಹಿಡದು ಹತ್ತಬೇಕು, ಒಂದು ಕಾಲು ಜಾರಿದ್ರ ಸೀದಾ ಕೆಳಗ. ಏರಿ ಮ್ಯಾಲೆ ಬಂದು ನೋಡಿದ್ರ ಮುಂದ ಮತ್ತೊಂದು ಏರು. ಒಂದು ದನ ಇಲ್ಲ, ಒಬ್ಬ ಕುರುಬ ಇಲ್ಲ. ತನ್ನ ಉಸಿರು ತನಗೇ ಕೇಳಿಸಿ ಅವಗ ಅಂಜಿಕಿ ಬರತಿತ್ತು. "ಅಪ್ಪಾ, ನಾ ಬರಬೇಕಾಗಿತ್ತು" ಅಂತ ಒಮ್ಮೆ ಜೋರಾಗಿ ಅಂದ. ಗುಡ್ಡಕ್ಕ ಬಡದು ಅವನ ದನೀನೇ ಹೊಳ್ಳಿ ಬಂತು. ಮತ್ತ ಬಾಯಿ ತೆರೀಲಿಲ್ಲ.

ಮಟಮಟ ಮಧ್ಯಾಹ್ನ. ಹಳ್ಳ ಎರಡಾಗಿ ಒಡದಿತ್ತು. ಎಡಕ್ಕೋ, ಬಲಕ್ಕೋ? ಅಲ್ಲಾಬಕ್ಷ ಇದನ್ನ ಹೇಳಿರಲಿಲ್ಲ. ತಪ್ಪಿದ್ರ ಹೊತ್ತು ಮುಳುಗಿ ಹೋಗತದ. ಬಂಡೂ ದಿಕ್ಕುಗೆಟ್ಟು ನಿಂತ.

ಕರ್ರ್... ಕರ್ರ್... ಕರ್ರ್...

ಹೊಸಾ ತೊಗಲಿನ ಮೆಟ್ಟಿನ ಸಪ್ಪಳ. ಹಿಂದಿಂದ ಬಂತು. ತಿರುಗಿ ನೋಡಿದ್ರ ಒಬ್ಬ ಹುಡುಗ. ಇಪ್ಪತ್ತರ ಆಚೀಚೆ. ಎತ್ತಿ ಕಟ್ಟಿದ ಧೋತರ, ಹೆಗಲಿಗೆ ಉಪರಣಿ, ಒಂದು ಕಿವಿಗೆ ಮುತ್ತಿನ ಬಾಳಿ, ಗದ್ದಕ್ಕ ಕುರುಚಲು ಗಡ್ಡ. ಅಂಥಾ ಕೆಸರಾಗ ಬಂದಾನ, ಮೆಟ್ಟಿಗೆ ಒಂದು ಹನಿ ಕೆಸರು ಹತ್ತಿಲ್ಲ.

"ಎಡಕ್ಕ ಸುತ್ತು ಆಗತದ. ಹಿಂಗ ಬಾ, ಬಾಳಾ."

ಬಂಡೂಗ ಸಿಟ್ಟು ಬಂತು. ತನಗಿಂತ ಸಣ್ಣವ, ತನಗೇ ಬಾಳಾ ಅಂತಾನಲ್ಲ! ನಮ್ಮ ಮನ್ಯಾಗ ಮರಾಠಿ ಬೆರಸಿ ಮಾತಾಡೋರು ಹಡದ ಮಕ್ಕಳಿಗೆ ಹಂಗ ಕರೀತಾರ, ದಾರಿಹೋಕರಿಗೆ ಯಾರು ಕರೀತಾರ್ರಿ? ಆದರ ಒಂಟಿ ದಾರಿ, ಒಬ್ಬರ ಸಿಕ್ಕರಲ್ಲಾ ಅಂತ ಸುಮ್ಮನಾದ.

"ಯಾವೂರ ನಿಮ್ಮದು?"

"ಇಲ್ಲೇ."

ಹುಡುಗ ಮುಂದ ಮುಂದ ನಡದ. ಜಾಲಿ ಮುಳ್ಳು ಬಿದ್ದಿದ್ರ ಮೆಟ್ಟಿನಲೆ ಬಾಜೂಕ ಸರಸತಿದ್ದ. ಜಾರೋ ಕಡೆ ನಿಂತು ಹಿಂದ ನೋಡತಿದ್ದ. ಬಂಡೂ ದಾಟಿದ ಮ್ಯಾಲೇ ಮುಂದ ಹೆಜ್ಜಿ. ಕರ್ರ್... ಕರ್ರ್... ಆ ಸಪ್ಪಳ ಕೇಳಕೋತ ನಡದ್ರ ಕಾಲಿನ ಬ್ಯಾನಿ ಗೊತ್ತೇ ಆಗಲಿಲ್ಲ ಅಂತ ಬಂಡುಕಾಕಾ ಹೇಳತಿದ್ದ. ಅವತ್ತಿಡೀ ಅಷ್ಟು ಹೊತ್ತು ಮಾತ್ರ ಅವಗ ಒಬ್ಬನೇ ಇದೀನಿ ಅನಸಲಿಲ್ಲ.

ಕಡೀ ಏರಿನ ಬುಡಕ್ಕ ಬಂದ್ರು. ಹುಡುಗ ಕಲ್ಲಿನ ಮ್ಯಾಲೆ ಕುಂತ. ತುಟಿ ಒಡದು ಬಿಳುಪಾಗಿದ್ವು.

"ನೀರು ಹಾಕ್ತೀ, ಬಾಳಾ?"

ಬಂಡೂ ಹಳ್ಳದ ಕಡೆ ಕೈ ಮಾಡಿದ. ಮಗ್ಗಲದಾಗೇ ಜುಳುಜುಳು ಹರೀಲಿಕ್ಕತ್ತಿತ್ತು.

"ಆ ನೀರು ನನ್ನ ಕೈಯಾಗ ನಿಂದ್ರವಲ್ದು. ನೀ ಹಾಕು."

ಈಗ ನೋಡ್ರಿ ನಮ್ಮ ಮಂದಿ ಶಾಣ್ಯಾತನ. ಬೇರೆ ಯಾರರ ಆಗಿದ್ರ ತಂಬಿಗಿ ಬಿಚ್ಚಿ ಹಾಕಿಬಿಡತಿದ್ರು. ಬಂಡೂ ಎರಡು ಹೆಜ್ಜಿ ಹಿಂದ ಸರದ. ಕೈ ಮುಗದ.

"ನನಗ ಸೂತಕ ಅದ್ರಿ. ನಮ್ಮಪ್ಪ ಹೋಗ್ಯಾರ. ನನ್ನ ಕೈಲೆ ಕುಡದು ನೀವ್ಯಾಕ ಮೈಲಿಗಿ ಆಗತೀರಿ?"

ಹುಡುಗ ಅವನ ಮುಖ ನೋಡಿದ.

"ಅವರ ಬಾಯಾಗ ನೀರು ಬಿಟ್ಟಿಯೇನು, ಹೋಗೂಮುಂದ?"

"ಇಲ್ಲ. ನಾ ಇರಲಿಲ್ಲ." ಬಂಡೂ ತಂಬಿಗಿ ಎದಿಗೆ ಅವಚಿಕೊಂಡ. "ಈಗ ಕೊಡಲಿಕ್ಕೇ ಹೊಂಟೀನಿ."

"ಹಂಗಾರ ನಡಿ. ಹೊತ್ತಾಗ್ಯದ."

ಬಂಡೂ ಏರು ಹತ್ತಿದ. ಹಿಂದ ಕರ್ರ್ ಅನಲಿಲ್ಲ. ಅರ್ಧಕ್ಕ ಬಂದು ತಿರುಗಿ ನೋಡಿದ. ಕಲ್ಲು ಇತ್ತು, ಹಳ್ಳ ಇತ್ತು. ಅವ ಇರಲಿಲ್ಲ. ಬ್ಯಾರೆ ದಾರಿ ಹಿಡದಿರಬೇಕು ಅನಕೊಂಡ.

ಕಮಲಾಪುರದ ಹಳ್ಳದ ದಂಡಿಗೆ ಬರೋದ್ರಾಗ ಬಿಸಲು ಹಳದಿ ಆಗಿತ್ತು. ಎಲ್ಲಾರೂ ಅಲ್ಲೇ ಇದ್ರು. ಮಥುರಾಬಾಯಿ ಕುಂಕುಮ ಅಳಿಸಿದ ಹಣಿ ಎತ್ತಿ ಮಗನ್ನ ನೋಡಿದ್ರು. ಅಳಲಿಕ್ಕೆ ಯಾರಿಗೂ ವ್ಯಾಳ್ಯಾ ಇರಲಿಲ್ಲ. ಭಟ್ಟರು ಅವಸರ ಅವಸರದಾಗ ಮಂತ್ರ ಹೇಳಿದ್ರು. ಬಂಡೂ ಎಳ್ಳು-ನೀರು ಬಿಟ್ಟ, ಪಿಂಡ ಇಟ್ಟ. ಎಲ್ಲಾರೂ ದೂರ ಸರದು ನಿಂತ್ರು.

ಜಾಲಿಗಿಡದ ತುಂಬ ಕಾಗಿ. ಒಂದೂ ಇಳೀಲಿಲ್ಲ.

ಹಿಂಗಾದ್ರ ಹೋದವರಿಗೆ ಏನೋ ಆಸಿ ಉಳದದ ಅಂತ ತಿಳದು ಮಾತು ಕೊಡತಾರ. ಬಂಡೂ ಕೈ ಮುಗದು ಕೂಗಿದ, "ಅವ್ವನ್ನ ನಾ ನೋಡಕೋತೀನಿ." ಕಾಗಿ ಬರಲಿಲ್ಲ. "ಹೊಲ ಮಾರೂದಿಲ್ಲ." ಬರಲಿಲ್ಲ. "ಮಠದ ಸೇವಾ ಬಿಡೂದಿಲ್ಲ." ಊಹೂಂ. ರಾಘವೇಂದ್ರ ಮುಂದ ಬಂದು, ಹೊಲದ ಬಾಂದಿನ ಜಗಳ ನಾ ಬಿಟ್ಟೆ ಕಾಕಾ ಅಂದ. ಅದಕ್ಕೂ ಇಲ್ಲ. ಸೂರ್ಯ ಇಳದು ಗುಡ್ಡಕ್ಕ ತಾಕಿದ. ಭಟ್ಟರು ದರ್ಭಿ ತಗೊಂಡು ಕಾಗಿ ಆಕಾರ ಕಟ್ಟಲಿಕ್ಕತ್ತಿದ್ರು. ಕಾಗಿ ಬರದಿದ್ರ ಆ ಹುಲ್ಲಿನ ಕಾಗೀಲೇ ಮುಟ್ಟಿಸಿ ಮುಗಸ್ತಾರ.

ಬಂಡೂ ಅವ್ವನ ಕಾಲ ಹತ್ರ ಕುಸದ. "ನಂದೇ ತಪ್ಪು. ಹಾದೀಲಿ ಒಬ್ಬ ಬಾಯಾರಿ ನೀರು ಕೇಳಿದ. ಸೂತಕ ಅಂತ ಕೊಡಲಿಲ್ಲ. ಆ ಪಾಪ ಹತ್ತಿತು."

"ಯಾರು?"

"ಗೊತ್ತಿಲ್ಲ. ಸಣ್ಣ ಹುಡುಗ. ಮುತ್ತಿನ ಬಾಳಿ ಇತ್ತು ಕಿವ್ಯಾಗ. ಕರ್ರ್ ಕರ್ರ್ ಅನ್ನೋ ಮೆಟ್ಟು. ನನಗ ಬಾಳಾ ಅಂತಿದ್ದ..."

ಮಥುರಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡ್ರು. ಪಿಸುದನಿಲೆ ಅಂದ್ರು, "ಆ ಮೆಟ್ಟು ಮದವ್ಯಾಗ ನಿಮ್ಮ ಅಪ್ಪಾರಿಗೆ ನಮ್ಮಪ್ಪ ಕೊಟ್ಟಿದ್ದ. ನೀ ಹುಟ್ಟೋ ಮೊದಲೇ ಇದೇ ಹಳ್ಳದಾಗ ಹರದು ಹೋದ್ವು. ಅವರ ಬಾಳೀನ ನಿನಗ ಹೆಸರಿಡೋ ಬಾರಸಿಗೆ ಮಾರಿದ್ವಿ."

ಬಂಡೂ ಕಣಿವಿ ಕಡೆ ತಿರುಗಿ ನೋಡಿದ.

"ಹೋಗೂಮುಂದ ನಾ ಬಾಯಾಗ ಗಂಗಾ ನೀರು ಹಾಕಲಿಕ್ಕೆ ಹೋದೆ. ಹಲ್ಲು ಕಚ್ಚಿ ಹಿಡದ್ರು. ಬಂಡೂ ಬಂದು ಹಾಕಲಿ ಅಂದ್ರು. ಹಂಗೇ ಹೋದ್ರು, ಒಣಾ ಬಾಯಿಲೆ."

ಬಂಡೂ ಎದ್ದ. ತಂಬಿಗಿ ಅರಿವಿ ಕಿತ್ತು ಒಗದ. ಯಾರ ಕಡೆಗೂ ನೋಡಲಿಲ್ಲ. ಕಣಿವಿ ಕಡೆ ಮುಖ ಮಾಡಿ, ಬಲಗೈ ಬಟ್ಟಲದ ಹಂಗ ಮಾಡಿ, ಅದರಾಗ ನೀರು ಹಾಕಿ ಚಾಚಿದ.

"ಅಪ್ಪಾ... ತಗೋರಿ."

ಒಂದು ಗಳಿಗಿ ಏನೂ ಇಲ್ಲ. ಆಮ್ಯಾಲೆ ಸುರ್ರ್ ಅಂತು. ಮಕ್ಕಳು ಹಾಲು ಕುಡಿಯೋಮುಂದ ಆಗತದಲ್ಲ, ಹಂಗ. ಅಂಗೈಗೆ ಕುರುಚಲು ಗಡ್ಡ ಚುಚ್ಚಿತಂತ. ತಣ್ಣಗಿತ್ತಂತ. ಬಂಡೂ ಅಳಕೋತ ಮತ್ತ ಹಾಕಿದ, ಮತ್ತ ಹಾಕಿದ. ತಂಬಿಗಿ ಖಾಲಿ ಆಗೂತನಕ ಹಾಕಿದ.

ಕಾಗಿ ಬಂತೋ ಇಲ್ಲೋ ಅಂತ ಕೇಳಿದ್ರ ಅಲ್ಲಿದ್ದವರು ಒಬ್ಬೊಬ್ಬರು ಒಂದೊಂದು ಹೇಳತಾರ. ಎಲ್ಲಾರ ಕಣ್ಣೂ ಅವನ ಕೈಮ್ಯಾಲೆ ಇತ್ತು. ಅದರ ಬಗ್ಗೆ ನಾ ಆಣಿ ಮಾಡೂದಿಲ್ಲ. ಆದರ ಇದಕ್ಕ ಮಾಡತೀನಿ, ಯಾಕಂದ್ರ ರಾಘವೇಂದ್ರ ಅಂದ್ರ ನಮ್ಮಪ್ಪ. ನಂಬಲಾರದವ, ಎಲ್ಲಾದಕ್ಕೂ ಕೈ ಹಚ್ಚಿ ನೋಡೋ ಮನಷಾ. ಬಂಡುಕಾಕಾ ನಿಂತ ಜಾಗಾದಾಗ ಬಗ್ಗಿ ನೆಲ ಮುಟ್ಟಿ ನೋಡಿದ. ಒಂದು ತಂಬಿಗಿ ನೀರು ಹೋಗಿತ್ತು... ಕೆಳಗಿನ ಮಣ್ಣು ಒಣಗೇ ಇತ್ತು.