ಒಡೆದ ಟ್ಯಾಂಕು, ಖಾಲಿ ಮಂಚ

“ಹಲೋ... ಯಾರು? ಯಾರು ಮಾತಾಡ್ತಿರೋದು?... ಹಾಂ? ಕೇಳಿಸ್ತಿಲ್ಲ, ಒಸಿ ಜೋರಾಗಿ ಹೇಳಿ... ಯಾರ್ ಬೇಕಾಗಿತ್ತು ನಿಮ್ಗೆ?”

ಹೊಸೂರಿನ ಆಲಸನತ್ತಂನ ಮನೆಯ ಹಿಂದಿನ ಕೋಣೆಯಲ್ಲಿ ನಾಗಲಕ್ಷ್ಮಿ ಪಾದ ಮುಳುಗುವಷ್ಟು ನೀರಿನಲ್ಲಿ ನಿಂತಿದ್ದಳು. ನೆರಿಗೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಒಂದು ಕೈಯಲ್ಲಿ ಪೊರಕೆ, ಇನ್ನೊಂದರಲ್ಲಿ ಫೋನು. ತಲೆಯ ಮೇಲೆ ಸೂರು ಇರಬೇಕಾದ ಕಡೆ ಬರೀ ಬಿಸಿಲು.

“ಓ... ವರಲಕ್ಷ್ಮೀನಾ? ಇದ್ಯಾರ ನಂಬರಮ್ಮ?... ನಿಮ್ ಯಜಮಾನ್ರದಾ. ಯಾಕೆ, ನಿನ್ ನಂಬರಿಂದ ಮಾಡಿದ್ರೆ ನಾನು ಎತ್ತಲ್ಲ ಅನ್ಕೊಂಡ್ಯಾ?... ಎತ್ತಿರ್ತಿದ್ದೆ. ಅವತ್ತು ಬೈದು ಇಟ್ಟಿದ್ದು ನೀನು, ನಾನಲ್ಲ.”

ವರಲಕ್ಷ್ಮಿ ಅವಳ ಗಂಡ ಮುನೀಶನ ತಂಗಿ. ಸೂಳಗಿರಿಗೆ ಕೊಟ್ಟಿದ್ದರು. ಅತ್ತೆ ಮುನಿರತ್ನಮ್ಮ ಚೀಲ ಹಿಡಿದು ಆ ಮಗಳ ಮನೆ ಸೇರಿದ ದಿನ ವರಲಕ್ಷ್ಮಿ ಫೋನು ಮಾಡಿ, ‘ಮುದುಕೀನ ಬೀದಿಗೆ ಹಾಕ್ಬುಟ್ಯಲ್ಲ, ನಿನ್ ಕೈಗೆ ಹುಳ ಬೀಳ’ ಎಂದಿದ್ದಳು. ಆಮೇಲೆ ಆ ಕಡೆಯಿಂದ ಮಾತೇ ಇರಲಿಲ್ಲ.

“ಏನು? ಎಲ್ಲಿದ್ದೀಯ?... ಬಸ್ ಸ್ಟ್ಯಾಂಡಲ್ಲಾ? ಅತ್ತೇನೂ ಅವರಾ ಜೊತೇಲಿ?... ಯಾಕೆ?”

“...ನಿಮ್ಮತ್ತೆ ಮಾವ ಬತ್ತಾರಾ. ಬರ್ಲಿ. ಅದ್ಕೆ?... ಮಲಗಕ್ಕೆ ಜಾಗ ಸಾಲಲ್ವಾ... ಹೂಂ... ಅತ್ತೆ ಗೊಣಗ್ತಾರಾ? ಊಟ ಸೇರಲ್ವಾ? ಬಿಸಿಬಿಸಿ ಹಾಕಿದ್ರೂ ಸೇರಲ್ವಾ?... ಇಲ್ಲಮ್ಮ, ಚುಚ್ತಾ ಇಲ್ಲ. ಕೇಳ್ದೆ ಅಷ್ಟೆ.”

ಚುಚ್ಚುತ್ತಲೇ ಇದ್ದಳು. ಜಗಳ ಹತ್ತಿದ್ದೇ ಆ ಊಟದ ಮಾತಿಗೆ. ಫ್ಯಾಕ್ಟರಿಗೆ ಹೋಗೋ ಸೊಸೆ ನಿನ್ನೆಯ ಸಾರು ಹಾಕುತ್ತಾಳೆಂದು ಮುನಿರತ್ನಮ್ಮ ಎದುರುಮನೆಯ ಜಗುಲಿಯಲ್ಲಿ ಕೂತು ಹೇಳಿದ್ದಳು. ಅದೇ ಹೊತ್ತಿಗೆ ಶಿಫ್ಟು ಮುಗಿಸಿ, ಕಾಲು ಊದಿಸಿಕೊಂಡು ಬೀದಿಗೆ ತಿರುಗಿದ ನಾಗಲಕ್ಷ್ಮಿಯ ಕಿವಿಗೆ ಅದು ಬಿತ್ತು. ‘ನಿಮ್ ಮಗಳ ಮನೇಲಿ ಬಿಸಿದೇ ಉಣ್ಣೋಗಿ’ ಎಂದುಬಿಟ್ಟಳು. ಬೀದಿಯೆಲ್ಲಾ ಕೇಳಿಸಿಕೊಂಡಿತು. ಮುದುಕಿ ಒಳಗೆ ಹೋಗಿ ಚೀಲ ತಂದು, ಹಿಂತಿರುಗಿ ನೋಡದೆ ನಡೆದಳು.

“ಇವತ್ತು ಬ್ಯಾಡ ವರಲಕ್ಷ್ಮಿ. ಬಸ್ ಹತ್ತಿಸ್ಬೇಡ... ನಾನು ಬ್ಯಾಡ ಅಂತಿರೋದು ಅತ್ತೇನಲ್ಲ. ಇವತ್ತು ಬ್ಯಾಡ ಅಂತಿದೀನಿ... ನೆಪ ಅಲ್ಲ ಕಣಮ್ಮ!... ಎಲ್ಲಿ ಮಲಗಿಸ್ಲಿ? ರೂಮಿಲ್ಲ ಇಲ್ಲಿ.”

“...ಇಲ್ಲ ಅಂದ್ರೆ ಇಲ್ಲ. ಮೇಲಿನ ಟ್ಯಾಂಕ್ ಬಿದ್ದೋಗೈತೆ... ಸೋರೋದಲ್ಲ. ಬಿದ್ದೋಗೈತೆ. ಬೆಳಗ್ಗೆ ಕಾರ್ಪೊರೇಷನ್ ನೀರು ಬಂತು, ಮೋಟ್ರು ಹಾಕಿ ತುಂಬಿಸ್ದೆ. ತುಂಬಿದ ಟ್ಯಾಂಕು, ಕೆಳಗಿನ ಇಟ್ಟಿಗೆ ಕಟ್ಟೆ ಕುಸಿದು, ತಾರಸಿ ಮೇಲಿಂದ ಜಾರಿ ಹಿಂದಿನ ಶೀಟ್ ರೂಮ್ ಮೇಲೆ ಬಿತ್ತು... ಹಾಂ. ಅದೇ. ಅತ್ತೆ ರೂಮು.”

ನಾಗಲಕ್ಷ್ಮಿ ಪೊರಕೆಯನ್ನು ಗೋಡೆಗೆ ಒರಗಿಸಿದಳು.

ಸದ್ದಾದಾಗ ಅವಳು ಒಲೆಯ ಮುಂದಿದ್ದಳು. ಲಾರಿ ಮಗುಚಿದಂಥ ಸದ್ದು. ‘ಅತ್ತೇ!’ ಎಂದು ಕಿರುಚಿಕೊಂಡೇ ಓಡಿದ್ದಳು. ಮುನಿರತ್ನಮ್ಮ ಬೆಳಗಿನ ಕಾಫಿ ಕುಡಿದು ಮತ್ತೆ ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗುವ ಹೊತ್ತು ಅದು. ನಾಗಲಕ್ಷ್ಮಿ ಒಡೆದ ಶೀಟುಗಳನ್ನು ಬರಿಗೈಯಲ್ಲಿ ಎತ್ತಿ ಎತ್ತಿ ಎಸೆದಳು. ಅಂಗೈ ಕೊಯ್ದು ರಕ್ತ ಬಂತು. ಕೆಳಗೆ ಮಂಚ ಸಿಕ್ಕಿದ ಮೇಲೇ ಅವಳಿಗೆ ನೆನಪಾದದ್ದು, ಅದರಲ್ಲಿ ಯಾರೂ ಇಲ್ಲವೆಂದು.

“ಮಂಚಾನಾ?... ಎರಡು ತುಂಡು. ತಲೆ ಇಡೋ ಕಡೆಗೇ ಬಿದ್ದೈತೆ... ವರಲಕ್ಷ್ಮಿ? ಮಾತಾಡು... ಅಳ್ಬೇಡ, ಅಳ್ಬೇಡ. ಏನೂ ಆಗಿಲ್ವಲ್ಲ. ನಿನ್ ಜೊತೇಲೇ ಅವರಲ್ವಾ?”

“...ಏನಂದೆ? ಇನ್ನೊಂದ್ಸಲ ಹೇಳು... ಮುದುಕೀನ ಓಡಿಸಿದ್ದಕ್ಕೆ ದೇವರು ನನ್ನ ಮನೆ ಮುರಿದ್ನಾ?”

ನಾಗಲಕ್ಷ್ಮಿಗೆ ನಗು ಬಂತು. ಕಹಿ ನಗು.

“ಸರಿ ಕಣಮ್ಮ. ಮುರಿದ. ಆದ್ರೆ ನಾನು ಒಳ್ಳೆ ಸೊಸೆ ಆಗಿದ್ದಿದ್ರೆ? ಅವತ್ತು ಬಾಯ್ ಮುಚ್ಕೊಂಡು ಒಳಗೆ ಹೋಗಿದ್ದಿದ್ರೆ?... ಯೋಚ್ನೆ ಮಾಡು. ಇವತ್ತು ನೀನು ಬಸ್ ಸ್ಟ್ಯಾಂಡಲ್ಲಿ ನಿಂತು ನಂಗೆ ಬುದ್ಧಿ ಹೇಳ್ತಿರ್ಲಿಲ್ಲ. ಎದೆ ಬಡ್ಕೊಂಡು ಇಲ್ಲಿಗೆ ಬತ್ತಿದ್ದೆ, ಅಲ್ವಾ?... ಅಲ್ವಾ ಅಂತ ಕೇಳಿದ್ದು.”

ಬೆಳಗ್ಗೆ ಬೀದಿಯವರೆಲ್ಲಾ ಬಂದು ನೋಡಿದ್ದರು. ಅತ್ತೆ ಚೀಲ ಹಿಡಿದು ಹೋದಾಗ ಲೊಚಗುಟ್ಟಿದವರೇ ಇಂದು ಕೆನ್ನೆ ಕೆನ್ನೆ ಬಡಿದುಕೊಂಡು, ‘ಮುದುಕಿ ಇರ್ಲಿಲ್ಲ, ದೇವರು ಕಾದ’ ಎಂದರು. ಯಾಕೆ ಇರಲಿಲ್ಲ ಎಂಬ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ. ಮುನೀಶ ಮೇಸ್ತ್ರಿಯನ್ನು ಹುಡುಕಿಕೊಂಡು ಹೋದ. ಹೋಗುವಾಗ ಅವಳ ಮುಖವನ್ನೊಮ್ಮೆ ನೋಡಿ ಚಪ್ಪಲಿ ಮೆಟ್ಟಿದ. ನಾಗಲಕ್ಷ್ಮಿ ದೇವರ ಪಟದ ಮುಂದೆ ಹೋಗಿ ನಿಂತಳು. ಕೈ ಮುಗಿದಳು. ಆದರೆ ಏನೆಂದು ಮುಗಿಯುವುದು? ನನಗೆ ಇಂಥ ಕೆಟ್ಟ ಬಾಯಿ ಕೊಟ್ಟೆಯಲ್ಲ, ನಿನ್ನ ಋಣ ದೊಡ್ಡದು ಎಂದೇ? ಬೇವಿನ ಕಷಾಯ ನುಂಗಿದಂತೆ ನುಂಗಿ, ಹಾಗೆಯೇ ಅಂದಳು. ಅಂದ ಮೇಲೆ ಅತ್ತಳು.

“ಸಾಕು ಬಿಡು. ನಮ್ ಜಗಳ ಸಾಯೋ ತನ್ಕ ಇರ್ತೈತೆ... ಕಳ್ಸು. ಹೂಂ, ಕಳ್ಸು ಅಂದೆ... ನಡುಮನೇಲಿ ಮಲಗ್ತಾರೆ, ನನ್ ಪಕ್ಕ. ನಿಮ್ಮಣ್ಣ ಬಾಗಿಲ ಹತ್ರ ಬಿದ್ಕೊಳ್ಳಿ... ಬ್ಯಾಡ, ಆಟೋದಲ್ಲಿ ಒಬ್ರೇ ಬರೋದು ಬ್ಯಾಡ. ನಾನೇ ಹೊಸೂರು ಬಸ್ ಸ್ಟ್ಯಾಂಡ್‌ಗೆ ಬಂದು ಕರ್ಕೊಂಡ್ಬತ್ತೀನಿ.”

“...ಆಗ್ಲೇ ಬಸ್ಸಲ್ಲಿ ಕೂರಿಸ್ಬುಟ್ಯಾ? ನನ್ನ ಕೇಳೋಕ್ ಮುಂಚೇನೇ?... ಸರಿ, ಸರಿ. ಟ್ಯಾಂಕ್ ವಿಷ್ಯ ಕೇಳಿಸ್ಕೊಂಡ್ರಾ ಅವರು?... ಇಲ್ವಾ. ನೀನ್ ಹೇಳ್ಬೇಡ, ಹೆದರ್ಸಿಬುಡ್ತೀಯ. ಕಿಟಕಿ ಒಳಕ್ಕೆ ಫೋನ್ ಕೊಡು. ನಾನೇ ಹೇಳ್ತೀನಿ.”

ಬಸ್ಸಿನ ಎಂಜಿನ್ನು ಗುಡುಗುವುದು ಕೇಳಿಸಿತು. ಯಾರೋ ತಮಿಳಿನಲ್ಲಿ ಚಿಲ್ಲರೆ ಕೇಳುತ್ತಿದ್ದರು. ಬಳೆಯ ಸದ್ದು, ಆಮೇಲೆ ನಾಗಲಕ್ಷ್ಮಿಗೆ ಚೆನ್ನಾಗಿ ಗುರುತಿದ್ದ ಆ ಏದುಸಿರು.

“ಅತ್ತೆ... ನಾನು, ನಾಗಲಕ್ಷ್ಮಿ... ಕೇಳಿಸ್ತೈತಾ?... ಉಂಡ್ರಾ?”

“...ನಂಗೊತ್ತು, ನಂಜೊತೆ ಮಾತಾಡಲ್ಲ ನೀವು. ಬ್ಯಾಡ. ನಾನ್ ಹೇಳೋದ್ ಕೇಳಿ, ಸಾಕು.”

ಹೇಳಬೇಕಾದದ್ದು ಬೆಟ್ಟದಷ್ಟಿತ್ತು. ಕೊಯ್ದ ಅಂಗೈ ಉರಿಯುತ್ತಿತ್ತು. ಆ ಕಡೆ ಕಂಡಕ್ಟರು ಸೀಟಿ ಊದಿದ. ಅವಸರದಲ್ಲಿ, ಬೆಳಗಿನಿಂದ ಎದೆಯಲ್ಲಿ ಮಗುಚುತ್ತಿದ್ದ ಮಾತೇ ಮೊದಲು ನಾಲಿಗೆಗೆ ಬಂತು.

“ಅತ್ತೆ, ಅವತ್ತು ನಿಮ್ಮನ್ನ ಮನೆಯಿಂದ ಕಳ್ಸಿದ್ದೇ ಒಳ್ಳೇದಾಯ್ತು. ಬೆಳಗ್ಗಿಂದ ಅದಕ್ಕೇ ದೇವರಿಗೆ ಕೈ ಮುಗೀತಾ ಇದೀನಿ...”

ಏದುಸಿರು ನಿಂತಿತು.

“...ಅತ್ತೆ? ಹಲೋ?... ಅಯ್ಯೋ, ಅಂಗಲ್ಲ! ನಾನ್ ಹೇಳಿದ್ದು ಅಂಗಲ್ಲ ಅತ್ತೆ, ಪೂರ್ತಿ ಕೇಳಿ. ಟ್ಯಾಂಕು... ನಿಮ್ ಮಂಚದ ಮೇಲೆ... ಫೋನ್ ವಾಪಸ್ ಕೊಟ್ಬುಡ್ಬೇಡಿ, ಒಸಿ ತಡೀರಿ, ನೀವು ಅಲ್ಲಿ ಮಲಗಿದ್ದಿದ್ರೆ ನಾನು—”

ಲೈನು ಕಡಿಯಿತು.