ಒಂಬತ್ತನೇ ಸಾಲು

ಆ ಕೋಣೆ ಬಾಗಿಲು ಎಳೆದುಕೊಂಡು ಬನ್ನಿ. ಮಕ್ಕಳು ಈಗಷ್ಟೇ ಮಲಗಿದಾವೆ, ಮೆಲ್ಲಗೆ ಹೇಳ್ತೀನಿ. ಇದು ಯಾರೋ ಎಲ್ಲೋ ಕಂಡಿದ್ದಲ್ಲ. ನನ್ನ ಚಿಕ್ಕಮ್ಮನ ಮಗಳು ಗುಬ್ಬಿಗೆ ಆಗಿದ್ದು. ದಾಖಲೆಯಲ್ಲಿ ಬೇರೆ ಹೆಸರಿದೆ. ಆಳು ಮೊಳದುದ್ದ ಇರೋದ್ರಿಂದ ಮನೇಲಿ ಎಲ್ರಿಗೂ ಗುಬ್ಬಿ.

ಆವತ್ತು ರಾತ್ರಿ ಹತ್ತೂಕಾಲಿಗೆ ಅವಳು ನನ್ನ ಅಂಗಡಿಯಿಂದ ಹೊರಟ್ಲು. ಟೈಪಿಂಗು, ಜೆರಾಕ್ಸು, ಬೈಂಡಿಂಗು... ನನ್ನ ಬದುಕು ಅದೇ ಅಂತ ನಿಮಗೆ ಗೊತ್ತಲ್ಲ. ಎದೆಗೆ ಮೂರು ಪುಸ್ತಕ ಅವುಚಿಕೊಂಡಿದ್ಲು. ಕಪ್ಪು ರಟ್ಟು, ಮೇಲೆ ಬಂಗಾರದ ಬಣ್ಣದ ಅಕ್ಷರ. ಅವಳ ಡಿಗ್ರಿ ಪ್ರಬಂಧ, ಅಪರಾಧಶಾಸ್ತ್ರದ್ದು. ಬೆಳಿಗ್ಗೆ ಹತ್ತು ಗಂಟೆಯೊಳಗೆ ಕಾಲೇಜಿಗೆ ಒಪ್ಪಿಸದೇ ಹೋದ್ರೆ ಒಂದು ವರ್ಷ ಹೋದ ಹಾಗೇ.

ನಮ್ಮ ಬೀದಿ ತಿರುವಿನಲ್ಲಿ ಒಂದು ಹಳೇ ಬಾವಿ ಇದೆ. ನೀರು ಸೇದೋರು ಯಾರೂ ಇಲ್ಲ, ಮೇಲೆ ಕಬ್ಬಿಣದ ಜಾಲರಿ ಮುಚ್ಚಿದ್ದಾರೆ. ಅದರ ಹತ್ತಿರ ಬಂದಾಗ ಗುಬ್ಬಿಗೆ ಸದ್ದು ಕೇಳಿಸ್ತು.

ಟಿಕ್... ಟಿಕ್...

ಕಲ್ಲಿಗೆ ತೆಳು ಲೋಹ ತಾಗೋ ಸದ್ದು. ನೀರು ತೊಟ್ಟಿಕ್ಕೋದಲ್ಲ, ಆ ಸದ್ದಿಗೆ ಒಂದು ಬಾಲ ಇರುತ್ತೆ. ಇದು ಒಣ ಸದ್ದು, ತಾಗಿದ ಕೂಡ್ಲೇ ಮುಗಿದುಹೋಗೋದು.

ಬಾವಿಕಟ್ಟೆ ಮೇಲೆ ಯಾರೋ ಕೂತಿದ್ರು.

"ಆಯ್ತಾ ಮಗಳೇ?"

ಗುಬ್ಬಿಗೆ ದನಿಯ ಗುರುತು ಸಿಕ್ತು. ಹೆದರಿಕೆ ಆಗ್ಲಿಲ್ಲವಂತೆ. ನಾಚಿಕೆ ಆಯ್ತಂತೆ, ಅಲ್ಲೇ ನೆಲ ಬಾಯಿಬಿಡಬಾರದಾ ಅನ್ನೋಷ್ಟು... ಅದು ಯಾಕೆ ಅಂತ ತಿಳೀಬೇಕಾದ್ರೆ ಸ್ವಲ್ಪ ಹಿಂದಿನಿಂದ ಹೇಳಬೇಕು. ಮಧ್ಯದಲ್ಲಿ ಎದ್ದು ಹೋಗಬೇಡಿ, ನನಗೆ ಸಿಟ್ಟು ಬರುತ್ತೆ.

ಕಳ್ಳತನದ ಆರೋಪ ಹೊತ್ತವರ ಮನೆಯವರು ಆಮೇಲೆ ಹೇಗೆ ಬದುಕ್ತಾರೆ ಅನ್ನೋದು ಗುಬ್ಬಿ ಪ್ರಬಂಧದ ವಿಷಯ. ಹನ್ನೆರಡು ಮನೆಗೆ ಹೋಗಿ ಕೂತು ಮಾತಾಡಿಸಿದ್ಲು. ಒಂಬತ್ತನೇ ಮನೆ ಕಾಜಾ ಅಜ್ಜಿಯದು. ದರ್ಜಿ ಅಂಗಡಿಗಳಿಂದ ಅಂಗಿ ತಂದು, ಗುಂಡಿ ತೂರಿಸೋ ಕಾಜಾ ಹೊಲಿದುಕೊಡ್ತಿದ್ಲು ಆ ಅಜ್ಜಿ. ಅವಳಿಗಿದ್ದಿದ್ದು ಒಬ್ಬನೇ ಮಗ, ಬಟ್ಟೆ ಗೋದಾಮಿನಲ್ಲಿ ಮೂಟೆ ಹೊರೋ ಕೆಲಸ. ಅಲ್ಲಿ ಎರಡು ಥಾನು ಬಟ್ಟೆ, ಇಡೀ ಸುರುಳಿಗಳೇ, ಕಾಣೆಯಾದ್ವು. ಅವನ ಮೇಲೆ ಹಾಕಿದ್ರು. ನಾಲ್ಕು ತಿಂಗಳು ಜೈಲಿನಲ್ಲಿದ್ದ. ವಿಚಾರಣೆ ಶುರುವಾಗೋ ಮುಂಚೆಯೇ ಜ್ವರ ಬಂದು ಅಲ್ಲೇ ತೀರಿಕೊಂಡ. ನ್ಯಾಯಾಧೀಶರ ಮುಂದೆ ಹೌದು ಅನ್ನೋಕೂ ಇಲ್ಲ ಅನ್ನೋಕೂ ಅವನಿಗೆ ಅವಕಾಶವೇ ಸಿಗ್ಲಿಲ್ಲ.

ಅಜ್ಜಿ ಗುಬ್ಬಿಯನ್ನ ಎದುರು ಕೂರಿಸಿಕೊಂಡು ಮೂರು ಗಂಟೆ ಮಾತಾಡಿದ್ಲು. ಮಾತಾಡ್ತಾ ಹೊಲೀತಾನೇ ಇದ್ಲು. ಸೂಜಿ ಚುಚ್ಚದ ಹಾಗೆ ದರ್ಜಿಗಳು ಬೆರಳ ತುದಿಗೆ ತಗಡಿನ ಟೊಪ್ಪಿ, ಅಂಗುಸ್ತಾನ, ಹಾಕ್ಕೋತಾರಲ್ಲ, ಯೋಚನೆ ಬಂದಾಗೆಲ್ಲ ಅದನ್ನ ಗೋಡೆಗೆ ಬಡೀತಿದ್ಲಂತೆ. ಕೊನೆಗೆ ಕೇಳಿದ್ದು ಇಷ್ಟೇ. ಅವನು ತೆಗೆದಿಲ್ಲ ಅಂತ ನಿನ್ನ ಪುಸ್ತಕದಲ್ಲಿ ಒಂದು ಸಾಲು ಬರಿ. ನನಗೆ ಓದೋಕೆ ಬರಲ್ಲ, ಬರೆದಾದ ಮೇಲೆ ಬಂದು ಓದಿ ಹೇಳು. ಇವಳು ಅಜ್ಜಿಯ ಕೈ ಹಿಡಿದುಕೊಂಡು ಆಗ್ಲಿ ಅಂದು ಬಂದ್ಲು.

ಆಮೇಲೆ ಪುಸ್ತಕ ಮಾಡೋ ಕೆಲಸ ನನ್ನ ಅಂಗಡಿಗೆ ಬಂತು. ಪ್ರಬಂಧದ ಹುಡುಗ್ರು ನನಗೆ ಹೊಸಬರಲ್ಲ. ಕೊಲೆಗೆ ಎಷ್ಟು ಬಗೆ ಅಂತ ಕೇಳಿ, ನಿದ್ದೆಗಣ್ಣಲ್ಲಿ ಹೇಳ್ತಾರೆ. ಎಡಗಡೆ ಮಾರ್ಜಿನ್ ಎಷ್ಟು ಬಿಡಬೇಕು ಅಂದ್ರೆ ಬೆಬ್ಬೆಬ್ಬೆ. ಎಡಗಡೆ ಒಂದೂವರೆ ಇಂಚು, ಉಳಿದ ಮೂರು ಕಡೆ ಒಂದು, ಪುಟದ ಸಂಖ್ಯೆ ಕೆಳಗೆ ನಡುವಿಗೆ, ಒಟ್ಟು ಎಂಬತ್ತು ಪುಟ ಮೀರಬಾರದು. ಕಾಲೇಜಿನವರು ಇದನ್ನೆಲ್ಲ ಒಂದು ಹಾಳೇಲಿ ಅಚ್ಚು ಹಾಕಿ ಕೊಟ್ಟಿರ್ತಾರೆ.

ಗುಬ್ಬಿಯದು ಎಂಬತ್ತೊಂದೂವರೆ ಪುಟ ಆಯ್ತು. ಅಕ್ಷರ ಚಿಕ್ಕದು ಮಾಡೋ ಹಾಗಿಲ್ಲ, ಸಾಲು ಒತ್ತೋ ಹಾಗಿಲ್ಲ. ಕೊನೇಲಿ ಅನುಬಂಧ ಅಂತ ಕಾಜಾ ಅಜ್ಜಿ ಹೇಳಿದ್ದನ್ನ ಅವಳ ಮಾತಲ್ಲೇ ಒಂದೂವರೆ ಪುಟ ಹಾಕಿದ್ಲು. ಅವನು ತೆಗೆದಿಲ್ಲ ಅನ್ನೋ ಸಾಲು ಅದರಲ್ಲೇ ಇತ್ತು. ಈ ಅಜ್ಜಿ ಪುರಾಣ ತೆಗಿ, ಸರಿಹೋಗುತ್ತೆ, ಅಂತ ನಾನೇ ಅಂದೆ. ನನ್ನ ಬಾಯಿಂದಲೇ ಬಂದ ಮಾತು ಅದು, ಸುಳ್ಳು ಯಾಕೆ ಹೇಳ್ಲಿ... ಗುಬ್ಬಿ ಆ ಒಂದೂವರೆ ಪುಟ ಇನ್ನೊಂದ್ಸಲ ಓದಿದ್ಲು. ಆಮೇಲೆ ತೆಗೆದ್ಲು.

ಅಷ್ಟಕ್ಕೇ ಮುಗೀಲಿಲ್ಲ. ನಲವತ್ತಾರನೇ ಪುಟದಲ್ಲಿ ಒಂದು ಕೋಷ್ಟಕ. ಹನ್ನೆರಡು ಜನಕ್ಕೆ ಹನ್ನೆರಡು ಸಾಲು. ಕೊನೇ ಕಾಲಮ್ಮಿನ ತಲೇಲಿ 'ತಪ್ಪು ಒಪ್ಪಿಕೊಂಡನೇ' ಅಂತ. ಒಂಬತ್ತನೇ ಸಾಲಿನಲ್ಲಿ ಆ ಚೌಕದ ಮನೆ ಖಾಲಿ. ಸತ್ತವನು ಏನೂ ಹೇಳಿರ್ಲಿಲ್ಲವಲ್ಲ. ಗೈಡ್ ಮೇಷ್ಟ್ರು ಅದಕ್ಕೆ ಕೆಂಪು ಸುತ್ತು ಹಾಕಿ, ಖಾಲಿ ಬಿಡಬಾರದು, ಶೇಕಡಾವಾರು ಸರಿಯಾಗಿ ಬರ್ತಿಲ್ಲ ಅಂತ ಬರೆದು ಕಳಿಸಿದ್ರು. ಉಳಿದ ಹನ್ನೊಂದರಲ್ಲಿ ಎಂಟು ಜನ ಒಪ್ಪಿಕೊಂಡವರು. ಇವನನ್ನೂ ಸೇರಿಸಿದ್ರೆ ಹನ್ನೆರಡಕ್ಕೆ ಒಂಬತ್ತು, ಸರಿಯಾಗಿ ಮುಕ್ಕಾಲು ಪಾಲು. ಯಾರೂ ಪ್ರಶ್ನೆ ಕೇಳದಷ್ಟು ಚೊಕ್ಕ.

ಗುಬ್ಬಿ ಆ ಮನೇಲಿ 'ಹೌದು' ಅಂತ ತುಂಬಿಸಿದ್ಲು.

ನಾನು ನೋಡ್ದೆ. ನೋಡಿ ಸುಮ್ಮನಿದ್ದೆ. ಕೋಷ್ಟಕ ಒಂದೇ ಪುಟದಲ್ಲಿ ನಿಂತಿತಲ್ಲ ಅನ್ನೋದೇ ನನಗೆ ಸಮಾಧಾನ.

ಅದಾದ ಮೇಲೆ ಅವಳು ಅಜ್ಜಿ ಇದ್ದ ಗಲ್ಲಿ ಬಿಟ್ಟು ಸುತ್ತು ಹಾಕ್ಕೊಂಡು ಓಡಾಡೋಕೆ ಶುರು ಮಾಡಿದ್ಲು. ಯಾವ ಮುಖ ಇಟ್ಟುಕೊಂಡು ಹೋಗ್ತಾಳೆ?

ಈಗ ಬಾವಿ ಹತ್ರ ಬನ್ನಿ.

"ಆಯ್ತಾ ಮಗಳೇ?"

"ಆಯ್ತಜ್ಜಿ," ಅಂದ್ಲು ಗುಬ್ಬಿ.

"ಬರೆದ್ಯಾ?"

"...ಬರೆದೆ."

"ಓದು."

ಅಷ್ಟು ಹೊತ್ತಿನಲ್ಲಿ ಅಜ್ಜಿ ಇಲ್ಲಿ ಯಾಕೆ ಬಂದು ಕೂತಿದ್ದಾಳೆ ಅಂತ ಕೇಳೋಕೂ ಇವಳಿಗೆ ತೋಚಲಿಲ್ಲ. ತಪ್ಪು ಮಾಡಿದವರಿಗೆ ತಮ್ಮ ತಪ್ಪೊಂದೇ ಕಣ್ಣಿಗೆ ಕಟ್ಟಿರುತ್ತೆ, ಬೇರೇನೂ ಕಾಣಲ್ಲ. ಮೇಲಿನ ಪುಸ್ತಕ ಬಿಚ್ಚಿದ್ಲು. ಹೊಸ ಬೈಂಡಿಂಗು, ಬೆನ್ನು ಬಿಗಿ. ಕರ್ರ್ ಅಂತು. ಮೊಬೈಲ್ ಬೆಳಕಲ್ಲಿ ನಲವತ್ತಾರನೇ ಪುಟ ತೆಗೆದ್ಲು. ಅಜ್ಜಿ ಮಗನ ವಿಷಯ ಇದ್ದಿದ್ದು ಅದೊಂದೇ ಕಡೆ.

ಮೆಲ್ಲಗೆ ಓದಿದ್ಲು. ಒಂಬತ್ತು. ವಯಸ್ಸು ಇಪ್ಪತ್ತಾರು. ಗೋದಾಮಿನಲ್ಲಿ ಕೂಲಿ. ಆರೋಪ, ಎರಡು ಥಾನು ಬಟ್ಟೆ... ಕೊನೇ ಮನೆಗೆ ಬಂದಾಗ ನಾಲಿಗೆ ನಿಂತಿತು.

ಅಜ್ಜಿ ಕಾಯ್ತಿದ್ಲು. ಟಿಕ್... ಅಂತ ಒಂದು ಸಲ ಆಯ್ತು.

"ಅವನು ತೆಗೆದಿಲ್ಲ," ಅಂತ ಓದಿದ್ಲು ಗುಬ್ಬಿ.

ಸದ್ದು ನಿಂತುಹೋಯ್ತು.

"ಇನ್ನೊಂದ್ಸಲ."

"ಅವನು ತೆಗೆದಿಲ್ಲ."

"ಎಲ್ಲಿದೆ ಅದು? ನನ್ನ ಬೆರಳು ಇಡ್ಸು."

ಅಜ್ಜಿ ಅಂಗುಸ್ತಾನ ಕಳಚಿ ಕಟ್ಟೆ ಮೇಲಿಟ್ಟು, ಬೆರಳನ್ನ ಸೆರಗಿಗೆ ಒರೆಸಿ ಚಾಚಿದ್ಲು. ಗುಬ್ಬಿ ಅವಳ ಕೈ ಹಿಡಿದ್ಲು. ತಣ್ಣಗೂ ಇರ್ಲಿಲ್ಲ, ಬೆಚ್ಚಗೂ ಇರ್ಲಿಲ್ಲ ಅಂತ ನನ್ನ ಹತ್ರ ಹೇಳಿದ್ಲು. ಹಿಡಿದ ಬೆರಳನ್ನ ಎಲ್ಲಿ ಇಡ್ತಾಳೆ? ಆ 'ಹೌದು' ಮೇಲೆ ಇಟ್ಲು.

ಅಜ್ಜಿ ಆ ಜಾಗವನ್ನ ಮೆಲ್ಲಗೆ ಸವರಿದ್ಲು.

"ಇಷ್ಟು ಚಿಕ್ಕದಾ," ಅಂದ್ಲು. ಆಮೇಲೆ, "ಸಾಕು. ಜಾಗ ಗುರುತಾಯ್ತು."

ಗುಬ್ಬಿ ಪುಸ್ತಕ ಮುಚ್ಚಿ ಬಿರಬಿರನೆ ನಡೆದ್ಲು. ತಿರುಗಿ ನೋಡಲಿಲ್ಲ. ರಾತ್ರಿಯಿಡೀ ಗೋಡೆ ಕಡೆ ಮುಖ ಮಾಡಿ ಕೂತಿದ್ಲಂತೆ. ಬೆಳಿಗ್ಗೆ ಆರಕ್ಕೆ ನನ್ನ ಅಂಗಡಿ ಬಾಗಿಲು ಬಡಿದ್ಲು. ಅಕ್ಕ, ಅಜ್ಜಿಗೆ ಅವಳ ಕಣ್ಣೆದುರೇ ಸುಳ್ಳು ಓದಿದೆ, ಈ ಪುಟ ಬದಲಾಯಿಸಿಕೊಡು ಅಂತ ಅಳೋಕೆ ಶುರು. ನನಗೆ ನಿದ್ದೆಗಣ್ಣು, ರೇಗಿಹೋಯ್ತು. ರಟ್ಟು ಬಿಚ್ಚಿ ಮತ್ತೆ ಅಂಟು ಹಾಕಿದ್ರೆ ಒಣಗೋಕೇ ಎಂಟು ಗಂಟೆ ಬೇಕು. ನಿನಗಿರೋದು ನಾಲ್ಕು. ಹೋಗಿ ಒಪ್ಪಿಸು ಅಂದೆ.

"ಆ ಪುಟ ಯಾರೇ ತೆಗೆದು ನೋಡ್ತಾರೆ?" ಅಂದೆ.

ಒಪ್ಪಿಸಿದ್ಲು. ಒಪ್ಪಿಸಿದ ರಸೀದಿ ಕೈಲಿ ಹಿಡ್ಕೊಂಡೇ ಅಜ್ಜಿ ಗಲ್ಲಿಗೆ ಹೋದ್ಲು. ಕಾಲು ಹಿಡಿದು ನಿಜ ಹೇಳಿಬಿಡ್ತೀನಿ, ಬೈದ್ರೆ ಬೈಲಿ ಅಂತ. ಕೋಣೆಗೆ ಬೀಗ. ಪಕ್ಕದ ದರ್ಜಿ ಮೆಷಿನ್ ನಿಲ್ಲಿಸಿ ಹೇಳಿದ. ಕಾಜಾ ಅಜ್ಜಿ ತೀರಿಕೊಂಡು ಅವತ್ತಿಗೆ ಒಂಬತ್ತು ದಿನ. ಹೋಗೋ ಮುಂಚೆ, ಪುಸ್ತಕದ ಹುಡುಗಿ ಬಂದ್ಳಾ ಅಂತ ದಿನಾ ಕೇಳ್ತಿದ್ಲಂತೆ.

ಗುಬ್ಬಿಗೆ ಜ್ವರ ಬಂತು, ಇಳೀತು. ಪಾಸಾದ್ಲು, ಒಳ್ಳೇ ಅಂಕ. ಕೋಷ್ಟಕ ತುಂಬಾ ಅಚ್ಚುಕಟ್ಟು ಅಂತ ಮೇಷ್ಟ್ರು ಹೊಗಳಿದ್ರು. ಚಿಕ್ಕಮ್ಮ ಬೀದಿಯವರಿಗೆಲ್ಲ ಸಿಹಿ ಹಂಚಿದ್ರು. ಇವಳು ಬಚ್ಚಲುಮನೆ ಬಾಗಿಲು ಹಾಕ್ಕೊಂಡು ಕೂತಿದ್ಲು. ಏನಾಯ್ತು ಅಂತ ನಾನು ಹೋಗಿ ಕೇಳ್ಲಿಲ್ಲ. ಗೊತ್ತಿದ್ದನ್ನ ಏನು ಕೇಳೋದು?

ಒಂದು ವರ್ಷ ಆಯ್ತು. ಒಂದು ಮಧ್ಯಾಹ್ನ ಕಾಲೇಜು ಗ್ರಂಥಾಲಯದ ಅಟೆಂಡರು ರಿಪೇರಿಗೆ ಅಂತ ಒಂದು ಪುಸ್ತಕ ತಂದ. ಕಪ್ಪು ರಟ್ಟು, ಬಂಗಾರದ ಅಕ್ಷರ, ನನ್ನದೇ ಕೈಕೆಲಸ, ಗುಬ್ಬಿಯ ಪ್ರಬಂಧ. ಏನಮ್ಮಾ ನಿಮ್ಮ ಬೈಂಡಿಂಗು, ವರ್ಷಕ್ಕೇ ಬೆನ್ನು ಮುರಿದಿದೆ ಅಂತ ರಾಗ ತೆಗೆದ. ನಾನು ಬಿಡ್ತೀನಾ, ನಿಮ್ಮ ಹುಡುಗ್ರು ಒದ್ದಾಡಿಸಿರ್ತಾರೆ ಅಂದೆ. ಅವನು ನಕ್ಕ. ಪ್ರಬಂಧದ ಬೀರುಗೆ ಬೀಗ, ಬೀಗದಕೈ ನನ್ನ ಸೊಂಟದಲ್ಲಿ, ಇದನ್ನ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ ಅಂತ ಕೊನೇ ರಟ್ಟಿಗೆ ಅಂಟಿಸಿದ ತಾರೀಖಿನ ಚೀಟಿ ತೋರಿಸಿದ. ಒಂದು ಮುದ್ರೆಯೂ ಇರ್ಲಿಲ್ಲ.

ಮೇಜಿನ ಮೇಲಿಟ್ಟು ಕೈ ಬಿಟ್ಟೆ. ಪುಸ್ತಕ ತಾನಾಗೇ ಬಿಚ್ಚಿಕೊಂಡಿತು. ನಲವತ್ತಾರನೇ ಪುಟ. ಬೆನ್ನು ಮುರಿದಿದ್ದು ಅಲ್ಲೇ, ಸಾವಿರ ಸಲ ತೆಗೆದು ಮುಚ್ಚಿದ ಹಾಗೆ. ಕೋಷ್ಟಕದ ಹನ್ನೊಂದು ಸಾಲು ಅಚ್ಚಾದ ಹಾಗೇ ಇತ್ತು. ಒಂಬತ್ತನೇದರ ಕೊನೇ ಮನೆ ಮಾತ್ರ ಮಾಸಿತ್ತು. ರಬ್ಬರು ಹಾಕಿದ್ದಲ್ಲ, ಬ್ಲೇಡು ಆಡಿಸಿದ್ದಲ್ಲ, ಮೂವತ್ತು ವರ್ಷದಿಂದ ಕಾಗದ ಮುಟ್ಟಿದ ಕೈ ನನ್ನದು. ಅದು ಬೆರಳು ಸವೆಸಿದ್ದು. ಸುತ್ತ ಜಿಡ್ಡಿನ ಗುರುತು, ಬಾಗಿಲ ಚಿಲಕದ ಹತ್ರ ಇರುತ್ತಲ್ಲ, ಹಾಗೆ.

ಗುಬ್ಬಿಗೆ ಫೋನ್ ಮಾಡಿ ಕರೆಸಿದೆ. ನೋಡಿದ್ಲು. ಕಾಗದದ ರದ್ದಿ ಮೇಲೆ ಕೂತ್ಲು.

"ಅಜ್ಜಿ ಇನ್ನೂ ನನ್ನ ಮಾತು ನಂಬ್ಕೊಂಡಿದ್ದಾಳೆ, ಅಕ್ಕ," ಅಂದ್ಲು.

ನನಗೆ ತಲೆ ಎತ್ತೋಕೆ ಆಗ್ಲಿಲ್ಲ. ಯಾರೇ ತೆಗೆದು ನೋಡ್ತಾರೆ ಅಂತ ಕೇಳಿದವಳು ನಾನೇ ಅಲ್ವಾ.

ಈಗಲಾದ್ರೂ ಆ ಪುಟ ಸರಿಮಾಡೋಣ ಅಂದೆ. ಅಟೆಂಡರು ಒಪ್ಪಲಿಲ್ಲ. ಹಾಳೆ ಬದಲಾಯಿಸಬೇಕಾದ್ರೆ ಗೈಡ್ ಮೇಷ್ಟ್ರ ಪತ್ರ ಬೇಕು. ಪತ್ರ ಬೇಕಾದ್ರೆ ಗುಬ್ಬಿ ಹೋಗಿ, ಸುಳ್ಳು ತುಂಬಿಸಿದ್ದೆ ಅಂತ ಬಾಯಿಬಿಟ್ಟು ಹೇಳಬೇಕು. ಹೇಳಿದ್ರೆ ಡಿಗ್ರಿ ಹೋಗುತ್ತೆ, ಅದರ ಮೇಲೆ ಸಿಕ್ಕ ಕೆಲಸವೂ ಹೋಗುತ್ತೆ. ನಾಳೆ ಹೋಗ್ತೀನಿ ಅಂದ್ಲು. ಅದಾಗಿ ಎರಡು ವರ್ಷ. ಅವಳು ಹೋಗಿಲ್ಲ. ಹೋಗು ಅಂತ ನಾನೂ ಅಂದಿಲ್ಲ. ಮನೇಲಿ ಎದುರಾದ್ರೆ ಇಬ್ಬರೂ ಕಣ್ಣು ತಪ್ಪಿಸ್ತೀವಿ.

ಆವತ್ತು ಆ ಬೆನ್ನನ್ನ ನಾನು ದಪ್ಪ ದಾರದಲ್ಲಿ ಹೊಲಿದು, ಒಳಗೆ ಬಟ್ಟೆಪಟ್ಟಿ ಹಾಕಿ ಕೊಟ್ಟೆ. ಆನೆ ಎಳೆದ್ರೂ ಬರಬಾರದು, ಹಾಗೆ. ಮೊನ್ನೆ ಅಟೆಂಡರು ಮತ್ತೆ ಅದನ್ನೇ ತಂದ. ನಕ್ಕೊಂಡು ಬರ್ಲಿಲ್ಲ ಈ ಸಲ, ಮೇಜಿನ ಮೇಲಿಟ್ಟು ಕೈ ಒರೆಸಿಕೊಂಡು ಹೋದ. ನೀವು ಏನಾದ್ರೂ ಅಂದ್ಕೊಳ್ಳಿ, ನಾನು ಕೈಯಾರೆ ಬಿಚ್ಚಿ ನೋಡಿದ್ದೀನಿ. ಮುರಿದಿರೋದು ಅದೇ ಪುಟದಲ್ಲಿ. ತಾರೀಖಿನ ಚೀಟಿ ಇವತ್ತಿಗೂ ಖಾಲಿ. ಒಂಬತ್ತನೇ ಸಾಲಿನ ಕೊನೇಲಿ ಕಾಗದ ಎಷ್ಟು ತೆಳ್ಳಗಾಗಿದೆ ಅಂದ್ರೆ, ದೀಪಕ್ಕೆ ಹಿಡಿದ್ರೆ ಹಿಂದೆ ಇಟ್ಟ ನನ್ನ ಬೆರಳು ಕಾಣುತ್ತೆ.