ಅಕ್ಕನ ಸೂಪಿನ ಮೇಲಿನ ಎಣ್ಣೆ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಹಿರಿಯ ವೈದ್ಯರೇ, ಇಂದು ನಿವೃತ್ತರಾಗುತ್ತಿರುವ ನಮ್ಮ ಆಸ್ಪತ್ರೆಯ ಆಹಾರ ತಜ್ಞೆ ಮೇಡಂ ಅವರೇ, ವಾರ್ಡುಗಳಿಂದ ಎದ್ದು ಬಂದ ರೋಗಿಗಳೇ, ಹಿಂದಿನ ಸಾಲಿನಲ್ಲಿ ನನ್ನನ್ನು ನೋಡಿ ಆಗಲೇ ನಗುತ್ತಿರುವ ಅಡುಗೆಮನೆಯವರೇ, ಸಭಿಕರೇ,

ಒಲೆಯ ಮುಂದೆ ನಿಂತು ಅಭ್ಯಾಸವಾದವಳ ಕೈ ಮೈಕಿನ ಮುಂದೆಯೂ ಸೌಟನ್ನೇ ಹುಡುಕುತ್ತದೆ. ಮೇಡಂ ಅವರನ್ನು ನಾವು ಬೆನ್ನ ಹಿಂದೆ ‘ತೂಕದಮ್ಮ’ ಎನ್ನುತ್ತೇವೆ. ನಾಳೆಯಿಂದ ಅವರು ಬರುವುದಿಲ್ಲವಲ್ಲ, ಧೈರ್ಯವಾಗಿ ಹೇಳಿಬಿಟ್ಟೆ.

ನಾನು ಏಳು ವರ್ಷ ಹೃದ್ರೋಗಿಗಳ ವಾರ್ಡಿಗೆ ಸೂಪು ಮಾಡಿದವಳು. ಸೂಪು ಆರುವಾಗ ಮೇಲೆ ಎಣ್ಣೆಯ ಚಿಕ್ಕ ಚಿಕ್ಕ ಬಿಲ್ಲೆಗಳು ತೇಲುತ್ತವೆ. ಕಿಟಕಿಯ ಬೆಳಕು ಬಿದ್ದರೆ ಒಂದೊಂದರಲ್ಲೂ ಒಂದೊಂದು ಸೂರ್ಯ. ನೋಡುತ್ತ ನಿಂತರೆ ನಾನೆಲ್ಲಿದ್ದೇನೆ ಎಂಬುದೇ ಮರೆತುಹೋಗುತ್ತಿತ್ತು. ಅಷ್ಟು ಸೂರ್ಯರನ್ನೂ ಸೌಟಿನಿಂದ ತೆಗೆದು ಚೆಲ್ಲುವುದೇ ನನ್ನ ಕೆಲಸ. ಅದೇ ನನ್ನ ಹೆಮ್ಮೆ.

ಅಕ್ಕನಿಗೆ ಕ್ಯಾನ್ಸರ್ ಎಂದಾಗ ನನಗೆ ಗೊತ್ತಿದ್ದದ್ದು ಆ ಒಂದೇ ವಿದ್ಯೆ. ಎಣ್ಣೆ ತೆಗೆ, ಬೆಣ್ಣೆ ತೆಗೆ, ಮೊಟ್ಟೆಯ ಹಳದಿ ತೆಗೆ. ಹಾಗೆ ಮಾಡೆಂದು ಯಾರಾದರೂ ಹೇಳಿದ್ದರೇ? ಯಾರೂ ಹೇಳಿರಲಿಲ್ಲ. ಮೇಡಂ ಬರೆದುಕೊಟ್ಟ ಚೀಟಿಯಲ್ಲಿ ಬೇರೆಯೇ ಇತ್ತು. ‘ಇವರೇನು ಒಲೆ ಮುಂದೆ ನಿಂತಿದ್ದಾರಾ?’ ಎಂದು ಅದನ್ನು ಮಡಚಿ ಉಪ್ಪಿನ ಡಬ್ಬಿಯ ಕೆಳಗಿಟ್ಟೆ. ಇದನ್ನು ಇಲ್ಲಿ ಹೇಳಬೇಕೆಂದಿರಲಿಲ್ಲ, ಬಾಯಿಗೆ ಬಂತು.

ಅಕ್ಕ ದರ್ಜಿ. ಮಾತು ಕಡಿಮೆ. ನಾನು ಕೊಟ್ಟದ್ದನ್ನೆಲ್ಲ ‘ಚೆನ್ನಾಗಿದೆ ಕಣೇ’ ಎಂದು ನುಂಗುತ್ತಿದ್ದಳು. ಮೂರನೆಯ ಸುತ್ತಿನ ಚಿಕಿತ್ಸೆಯ ದಿನ ನೋಡಿದರೆ ಆರು ಕಿಲೋ ಇಳಿದಿದ್ದಳು. ‘ಈ ಮೈ ಔಷಧಿ ತಡೆಯೋದಿಲ್ಲ. ತೂಕ ಏರಲಿ, ಇಲ್ಲೇ ವಾರ್ಡಿನಲ್ಲಿರಲಿ, ಮೂರು ವಾರ ಬಿಟ್ಟು ನೋಡೋಣ’ ಎಂದರು ಡಾಕ್ಟರು. ನಾನು ನಂಬಲಿಲ್ಲ. ಅಂಗಿ ಮೊದಲಿನಂತೆಯೇ ಮೈಗೆ ಕೂತಿತ್ತಲ್ಲ! ಆಗ ಮೇಡಂ ಅಂಗಿಯ ಪಕ್ಕದ ಅಂಚನ್ನು ಹೊರಳಿಸಿ ತೋರಿಸಿದರು. ಒಂದರ ಪಕ್ಕ ಒಂದು, ಆರು ಸಾಲು ಹೊಲಿಗೆ. ತಾನು ಕರಗುವುದು ನನಗೆ ಕಾಣಬಾರದೆಂದು ಅಕ್ಕ ವಾರಕ್ಕೊಮ್ಮೆ ಅಂಗಿಯನ್ನೇ ಚಿಕ್ಕದು ಮಾಡುತ್ತ ಬಂದಿದ್ದಳು.

‘ಯಾಕೇ ಹೇಳಲಿಲ್ಲ?’

‘ನೀನು ಅಷ್ಟು ಕಷ್ಟಪಟ್ಟು ಮಾಡ್ತಿದ್ದೆ. ಬಾಯಿಗೆ ಸೇರಲ್ಲ ಅಂತ ಹೇಗೆ ಹೇಳಲಿ?’

ಮೇಡಂ ನನ್ನನ್ನು ಬೈಯಲಿಲ್ಲ. ನನ್ನ ಸೂಪನ್ನು ನನಗೇ ಒಂದು ಚಮಚ ಕುಡಿಸಿದರು. ಬರೀ ಬಿಸಿನೀರು.

‘ಹೃದಯದ ವಾರ್ಡಿನ ಪಥ್ಯ ಅಲ್ಲಿಗೆ ಸರಿ ಕಣಮ್ಮ. ನಿಮ್ಮಕ್ಕನಿಗೆ ಇಳಿಯೋದು ನಾಲ್ಕೇ ತುತ್ತು. ಆ ನಾಲ್ಕರಲ್ಲೇ ಶಕ್ತಿ ಇರಬೇಕು. ಎಣ್ಣೆ ಹಾಕು, ಕಡಲೆಬೀಜ ಅರೆದು ಹಾಕು, ಇಡೀ ಮೊಟ್ಟೆ ಕೊಡು. ಎರಡು ಗಂಟೆಗೊಮ್ಮೆ, ಸ್ವಲ್ಪ ಸ್ವಲ್ಪ.’

‘ಹಾಗಾದ್ರೆ ಈ ಕ್ಯಾನ್ಸರ್ ವಾರ್ಡಿನವರಿಗೆಲ್ಲ ಹೀಗೇ ಹಾಕಲಾ?’

‘ಅಯ್ಯೋ ಮಾರಾಯ್ತಿ! ಪಕ್ಕದ ಮಂಚದವರಿಗೆ ಎಣ್ಣೆ ಅರಗೋದೇ ಇಲ್ಲ. ಒಬ್ಬೊಬ್ಬರ ಹೊಟ್ಟೆ ಒಂದೊಂದು ಥರ. ಮೊದಲು ಕೇಳು, ಆಮೇಲೆ ಒಲೆ ಹಚ್ಚು.’

ಕೇಳುವುದು! ಏಳು ವರ್ಷದಲ್ಲಿ ನಾನು ಯಾರನ್ನು ಕೇಳಿದ್ದೆ?

ಆ ಮೂರು ವಾರ ನೆನೆದರೆ ಈಗಲೂ ನೀರಿನೊಳಗೆ ನಡೆದಂತೆ ಇದೆ. ಬಟ್ಟಲು ಹಿಡಿದು ಹೊರಟರೆ ವಾರ್ಡಿನ ಬಾಗಿಲುಗಳು ಒಂದೊಂದಾಗಿ ಹಿಂದೆ ತೇಲಿಹೋಗುತ್ತಿದ್ದವು. ಕೊನೆಯ ಕಿಟಕಿಯ ಬೆಳಕಿನಲ್ಲಿ ಅಕ್ಕ, ತುಟಿಯ ಮೇಲೆ ಬೆಣ್ಣೆಯ ಹೊಳಪು. ಕೊನೆಗೆ ತೂಕದ ಮುಳ್ಳು ಒಂದೂವರೆ ಕಿಲೋ ಮೇಲೆ ಹೋಗಿ ನಿಂತಿತು. ಚಿಕಿತ್ಸೆ ಮತ್ತೆ ಶುರುವಾಯಿತು. ಇನ್ನೂ ನಡೆಯುತ್ತಿದೆ. ಮುಂದೇನೋ ನನಗೆ ಗೊತ್ತಿಲ್ಲ.

ಮಾತು ಉದ್ದವಾಯಿತು, ಕ್ಷಮಿಸಿ. ಮೇಡಂ, ನಿಮಗೆ ಕೈಮುಗಿಯುತ್ತೇನೆ. ಈಗ ದಿನಾ ಅಕ್ಕನನ್ನು ಕೇಳುತ್ತೇನೆ, ಏನು ಮಾಡಲಿ ಎಂದು. ದಿನಾ ಅವಳದು ಒಂದೇ ಮಾತು, ‘ನೀನೇ ಏನಾದ್ರೂ ಮಾಡು.’ ಇವತ್ತು ಇಲ್ಲಿಗೆ ಹೊರಡುವಾಗ ಮಾತ್ರ ನನ್ನ ಸೆರಗು ಹಿಡಿದು ನಿಲ್ಲಿಸಿದಳು. ‘ತಡಿಯೇ, ಅವಸರ ಮಾಡ್ಬೇಡ. ಏನೋ ತಿನ್ನೋ ಆಸೆ ಆಗ್ತಿದೆ, ಯಾವುದು ಅಂತ ಯೋಚಿಸ್ತೀನಿ. ನೀನು ಬೇಗ ಬಾ’ ಎಂದಳು.

ನಾನು ಬೇಗ ಹೋಗಬೇಕು. ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೆಲ್ಲ ಧನ್ಯವಾದ. ನಮಸ್ಕಾರ.